ಮನೆಯ ಲ್ಯಾಪ್‌ಟಾಪಿನಲ್ಲಿ ಮಿದುಳುಗಳ ಹೋಲಿಕೆ: ಮಂಗ, ಚಿಂಪಾಂಜಿ, ಮನುಷ್ಯ

ಬದಿಯಡ್ಕ, ಪೆರ್ಲ ಕಡೆಯ ಹೈಸ್ಕೂಲು ಅಧ್ಯಾಪಕರು ಶಾಸ್ತ್ರೋತ್ಸವದ, ಅಂದರೆ ಶಾಲಾ ವಿಜ್ಞಾನ ಮೇಳದ, ಸಮಯದಲ್ಲಿ ಕೇಳುತ್ತಾರೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೋ ಮಂಗಳೂರಿನ ಕಾಲೇಜುಗಳಲ್ಲಿಯೋ ಜೀವವಿಜ್ಞಾನ ಓದುವ ಮಕ್ಕಳು ಪ್ರಾಜೆಕ್ಟಿನ ವಿಷಯ ಹುಡುಕುವಾಗ ಕೇಳುತ್ತಾರೆ. ಮಾತು ಬೇರೆ ಬೇರೆಯಾದರೂ ಪ್ರಶ್ನೆ ಒಂದೇ: ಮಂಗನ ಮಿದುಳನ್ನೂ ನಮ್ಮ ಮಿದುಳನ್ನೂ ಎಂಆರ್‌ಐ ಚಿತ್ರಗಳಲ್ಲಿ ಹೋಲಿಸಿ ನೋಡಬೇಕೆಂದರೆ ಏನು ಮಾಡಬೇಕು, ಅದಕ್ಕೆ ದೊಡ್ಡ ಪ್ರಯೋಗಾಲಯವೇ ಬೇಕೇ?

ಪ್ರಯೋಗಾಲಯ ಬೇಡ. ಹಲವು ದೇಶಗಳ ಸಂಶೋಧಕರು ತಾವು ತೆಗೆದ ಚಿತ್ರಗಳನ್ನು ಎಲ್ಲರ ಬಳಕೆಗೆ ಬಿಟ್ಟಿದ್ದಾರೆ, ಅಳೆಯುವ ತಂತ್ರಾಂಶಗಳೂ ಉಚಿತವಾಗಿ ಸಿಗುತ್ತವೆ. ಕುಂಬಳೆಯಲ್ಲಿ ಕುಳಿತವರೂ ಲಂಡನ್ನಿನಲ್ಲಿ ಕುಳಿತವರೂ ಒಂದೇ ಚಿತ್ರವನ್ನು ತೆರೆದು ನೋಡಬಹುದಾದ ಕಾಲ ಇದು. ಕಷ್ಟವಿರುವುದು ಚಿತ್ರ ಸಿಗುವುದರಲ್ಲಲ್ಲ. ಯಾವುದನ್ನು ಯಾವುದಕ್ಕೆ ಹೋಲಿಸುತ್ತೇವೆ ಎಂದು ಮೊದಲೇ ನಿಶ್ಚಯಿಸಿಕೊಳ್ಳುವುದರಲ್ಲಿ. ಕೆಳಗಿನ ಹಂತಗಳಲ್ಲಿ ನಾನು ಹೆಚ್ಚು ಒತ್ತು ಕೊಟ್ಟಿರುವುದು ಆ ವಿಷಯಕ್ಕೇ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ತೋಟದಲ್ಲಿ ಸತ್ತು ಬಿದ್ದ ಮಂಗನ ತಲೆಯನ್ನು ಸ್ಕ್ಯಾನ್ ಮಾಡಿಸಬಹುದೇ ಎಂದು ಕೇಳುವವರಿದ್ದಾರೆ. ದಯವಿಟ್ಟು ಆ ಯೋಚನೆಯನ್ನೇ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತೊಡಕು ಒಂದು ಕಡೆ. ಅದಕ್ಕಿಂತ ಮುಖ್ಯವಾದುದು ಜೀವದ ಪ್ರಶ್ನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ವಯನಾಡಿನಲ್ಲೂ ಕಾಣಿಸಿಕೊಂಡಿದೆ. ಅದನ್ನು ಹರಡುವ ಉಣ್ಣೆಗಳು ಸತ್ತ ಮಂಗನ ಮೈಯಿಂದ ಉದುರಿ ಸುತ್ತಮುತ್ತ ಹರಡಿಕೊಂಡಿರುತ್ತವೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ.

ಬೇಕಾಗುವ ಸಾಮಗ್ರಿ

ಎಂಟು ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು, ಹದಿನಾರಿದ್ದರೆ ಅನುಕೂಲ. ಚಿತ್ರ ತೆರೆದು ಕೈಯಿಂದ ಗುರುತು ಹಾಕಲು ಐಟಿಕೆ-ಸ್ನ್ಯಾಪ್, ಚಿತ್ರವನ್ನು ಸರಿಪಡಿಸಲು ತ್ರೀಡಿ ಸ್ಲೈಸರ್, ಲೆಕ್ಕಕ್ಕೆ ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ ಬೇಕು. ಮೂರೂ ವಿಂಡೋಸ್‌ನಲ್ಲಿ ನಡೆಯುತ್ತವೆ. ಆಕ್ಸ್‌ಫರ್ಡಿನ ಎಫ್‌ಎಸ್‌ಎಲ್ ಮತ್ತು ಹಾರ್ವರ್ಡಿನ ಫ್ರೀಸರ್ಫರ್ ಹೆಚ್ಚು ಬಲವಾದವು, ಆದರೆ ಅವಕ್ಕೆ ಲಿನಕ್ಸ್ ಅಥವಾ ಮ್ಯಾಕ್ ಬೇಕು. ಫ್ರೀಸರ್ಫರ್ ಒಂದು ಮಿದುಳನ್ನು ಸಂಸ್ಕರಿಸಲು ಹಲವು ಗಂಟೆ ತೆಗೆದುಕೊಳ್ಳುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ, ಅಡಿಕೆ ಮರ ತಂತಿಯ ಮೇಲೆ ಬಿದ್ದು ದಿನವಿಡೀ ಕರೆಂಟು ಹೋಗುವ ಊರುಗಳಲ್ಲಿ, ಅಂತಹ ಕೆಲಸವನ್ನು ಬೇಸಗೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಕೈಯಿಂದ ಗುರುತು ಹಾಕುವ ಕೆಲಸವಾದರೆ ಆಗಾಗ ಉಳಿಸಿಕೊಳ್ಳುತ್ತಾ ಹೋಗಬಹುದು.

1. ಪ್ರಶ್ನೆಯನ್ನು ಚಿಕ್ಕದು ಮಾಡಿ

‘ಮನುಷ್ಯನ ಮಿದುಳು ಮಂಗನದಕ್ಕಿಂತ ಹೇಗೆ ಭಿನ್ನ?’ ಎಂಬ ಪ್ರಶ್ನೆ ಇಟ್ಟುಕೊಂಡು ಹೊರಟರೆ ಎಲ್ಲಿಗೂ ತಲುಪುವುದಿಲ್ಲ. ಒಂದು ಭಾಗ, ಒಂದು ಅಳತೆ, ಕೆಲವು ಜಾತಿಗಳು: ಇಷ್ಟೇ ಇರಲಿ.

ಹೊಸಬರಿಗೆ ನಾನು ಸೂಚಿಸುವುದು ಕಾರ್ಪಸ್ ಕಲೋಸಮ್. ಮಿದುಳಿನ ಎಡ ಮತ್ತು ಬಲ ಅರ್ಧಗೋಳಗಳನ್ನು ಜೋಡಿಸುವ ನರತಂತುಗಳ ದಪ್ಪ ಪಟ್ಟಿ ಅದು. ಮಿದುಳನ್ನು ನಟ್ಟನಡುವೆ ಎಡಬಲವಾಗಿ ಸೀಳಿದಂತಿರುವ ಒಂದೇ ಒಂದು ಪದರದಲ್ಲಿ ಅದು ಬಾಗಿದ ಬಿಳಿಯ ಕಮಾನಾಗಿ ನಿಚ್ಚಳವಾಗಿ ಕಾಣುತ್ತದೆ. ಮಂಗ, ಚಿಂಪಾಂಜಿ, ಮನುಷ್ಯ ಮೂವರಲ್ಲೂ ಅದು ಇದೆ, ಮೂವರಲ್ಲೂ ಅದು ಒಂದೇ ಅಂಗ ಎಂಬುದರಲ್ಲಿ ವಿವಾದವಿಲ್ಲ. ಮುಂಭಾಗದ ತೊಗಟೆಯನ್ನು, ಅಂದರೆ ಹಣೆಯ ಹಿಂದಿರುವ ಮಿದುಳಿನ ಹೊರಪದರವನ್ನು, ಅಳೆಯಲು ಹೊರಟವರಿಗೆ ಈ ನೆಮ್ಮದಿ ಸಿಗುವುದಿಲ್ಲ. ಆ ಕಥೆ ಎಂಟನೆಯ ಹಂತದಲ್ಲಿದೆ.

2. ಜಾತಿಗಳನ್ನು ಆರಿಸಿ

ಪ್ರೈಮೇಟ್ ಎಂದರೆ ಕಾಡುಪಾಪ, ಮಂಗ, ವಾನರ (ಚಿಂಪಾಂಜಿ, ಗೊರಿಲ್ಲಾಗಳಂತಹ ಬಾಲವಿಲ್ಲದವು), ಮನುಷ್ಯ ಎಲ್ಲರೂ ಸೇರಿದ ಸಸ್ತನಿಗಳ ಗಣ. ಕನಿಷ್ಠ ನಾಲ್ಕು ಜಾತಿಗಳಾದರೂ ಇರಲಿ, ಅವು ವಂಶವೃಕ್ಷದಲ್ಲಿ ದೂರ ದೂರದ ಕೊಂಬೆಗಳವಾಗಿರಲಿ. ಮನುಷ್ಯ, ಚಿಂಪಾಂಜಿ, ರೀಸಸ್ ಮಕಾಕ್, ದಕ್ಷಿಣ ಅಮೆರಿಕದ ಪುಟ್ಟ ಮಾರ್ಮೊಸೆಟ್: ಆರಂಭಕ್ಕೆ ಈ ನಾಲ್ಕು ಸರಿಯಾಗುತ್ತವೆ.

ನಮ್ಮ ತೋಟಗಳಿಗೆ ನುಗ್ಗಿ ಎಳನೀರು ಕೆಡಹುವ ಮಂಗ ಬಾನೆಟ್ ಮಕಾಕ್. ರೀಸಸ್ ಉತ್ತರ ಭಾರತದ್ದು, ಅದೇ ಕುಲದ ಹತ್ತಿರದ ನೆಂಟ. ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ರೀಸಸ್ ಆದ್ದರಿಂದ ಚಿತ್ರಗಳೂ ನಕ್ಷೆಗಳೂ ಅದರವೇ ಹೆಚ್ಚು ಸಿಗುತ್ತವೆ. ವರದಿಯಲ್ಲಿ ಬರೇ ‘ಮಂಗ’ ಎಂದು ಬರೆಯದೆ ಜಾತಿಯ ಹೆಸರು ಬರೆಯಿರಿ.

ಎಚ್ಚರಿಕೆ: ನಾಲ್ಕನ್ನೂ ಸಾಲಾಗಿ ಇಟ್ಟು ಮಾರ್ಮೊಸೆಟ್‌ನಿಂದ ಮಂಗ, ಮಂಗನಿಂದ ಚಿಂಪಾಂಜಿ, ಚಿಂಪಾಂಜಿಯಿಂದ ಮನುಷ್ಯ ಎಂದು ಬಾಣ ಎಳೆಯಬೇಡಿ. ಶಾಲಾ ಪ್ರದರ್ಶನಗಳ ಚಾರ್ಟುಗಳಲ್ಲಿ ಈ ಬಾಣ ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಮನುಷ್ಯನ ಮತ್ತು ಮಕಾಕ್‌ನ ವಂಶಗಳು ಬೇರೆಯಾಗಿ ಸುಮಾರು 2.5 ಕೋಟಿಯಿಂದ 3 ಕೋಟಿ ವರ್ಷಗಳಾಗಿವೆ. ಅಷ್ಟೂ ಕಾಲ ಮಕಾಕ್ ಕೂಡ ತನ್ನ ದಾರಿಯಲ್ಲಿ ಬದಲಾಗುತ್ತಲೇ ಬಂದಿದೆ. ಅದು ನಮ್ಮ ಅಜ್ಜನಲ್ಲ, ದಾಯಾದಿ.

3. ಚಿತ್ರಗಳನ್ನು ತನ್ನಿ

ಮನುಷ್ಯರ ಚಿತ್ರಗಳಿಗೆ ಓಪನ್‌ನ್ಯೂರೋ ಎಂಬ ಮುಕ್ತ ಭಂಡಾರವಿದೆ. ಮಂಗಗಳಿಗೆ 2018ರಲ್ಲಿ ಆರಂಭವಾದ ಪ್ರೈಮ್-ಡಿಇ ಇದೆ. ಅಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ತಮ್ಮ ಚಿತ್ರಗಳನ್ನು ಸೇರಿಸಿವೆ. ಚಿಂಪಾಂಜಿಗಳಿಗೆ ಅಮೆರಿಕದ ನ್ಯಾಷನಲ್ ಚಿಂಪಾಂಜಿ ಬ್ರೈನ್ ರಿಸೋರ್ಸ್‌ಗೆ ಕೋರಿಕೆ ಕಳುಹಿಸಬೇಕು. ಚಿಂಪಾಂಜಿಗಳ ಮೇಲಿನ ವೈದ್ಯಕೀಯ ಸಂಶೋಧನೆಗೆ ಕೊಡುತ್ತಿದ್ದ ಬೆಂಬಲವನ್ನು ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2015ರಲ್ಲಿ ನಿಲ್ಲಿಸಿತು. ಅದು ಸರಿಯಾದ ತೀರ್ಮಾನವೆಂದೇ ನನ್ನ ಭಾವನೆ. ಹಾಗಾಗಿ ಹಿಂದೆ ತೆಗೆದಿಟ್ಟ ಆ ಚಿತ್ರಗಳನ್ನು ಅಮೂಲ್ಯವೆಂದು ತಿಳಿದು ಬಳಸಿ. ಪ್ರತಿ ಭಂಡಾರಕ್ಕೂ ಬಳಕೆಯ ಷರತ್ತುಗಳಿವೆ, ಓದಿ ಒಪ್ಪಿಕೊಂಡ ಮೇಲೆಯೇ ಇಳಿಸಿಕೊಳ್ಳಿ.

ಇಳಿಸಿಕೊಂಡ ದಿನವೇ ಒಂದು ಕೋಷ್ಟಕ ಮಾಡಿ: ಜಾತಿ, ಗಂಡೋ ಹೆಣ್ಣೋ, ವಯಸ್ಸು, ಯಂತ್ರದ ಕಾಂತಬಲ ಎಷ್ಟು ಟೆಸ್ಲಾ, ವಾಕ್ಸೆಲ್ (ಚಿತ್ರದ ಅತಿ ಚಿಕ್ಕ ತುಣುಕು) ಗಾತ್ರ, ಬದುಕಿರುವಾಗ ತೆಗೆದುದೋ ಸತ್ತ ಮೇಲೆ ತೆಗೆದುದೋ. ಕೊನೆಯದನ್ನು ಮರೆತವರು ಆಮೇಲೆ ಪರದಾಡುತ್ತಾರೆ. ಫಾರ್ಮಲಿನ್‌ನಲ್ಲಿ ಇಟ್ಟ ಮಿದುಳು ಕುಗ್ಗುತ್ತದೆ. ನರಕೋಶಗಳಿರುವ ಬೂದು ಭಾಗಕ್ಕೂ ನರತಂತುಗಳ ಬಿಳಿ ಭಾಗಕ್ಕೂ ಚಿತ್ರದಲ್ಲಿ ಕಾಣುವ ಅಂತರವೂ ಬದಲಾಗುತ್ತದೆ. ಜೀವಂತ ಮನುಷ್ಯನ ಚಿತ್ರವನ್ನು ಫಾರ್ಮಲಿನ್‌ನಲ್ಲಿದ್ದ ಮಂಗನ ಮಿದುಳಿನ ಚಿತ್ರದ ಪಕ್ಕದಲ್ಲಿಟ್ಟು ಅಳೆದರೆ ಎರಡು ಜಾತಿಗಳ ವ್ಯತ್ಯಾಸ ಯಾವುದು, ಔಷಧದ ಕರಾಮತ್ತು ಯಾವುದು ಎಂದು ಬೇರ್ಪಡಿಸಲಾಗುವುದಿಲ್ಲ. ಎಲ್ಲವೂ ಜೀವಂತವಿದ್ದಾಗಿನವೇ ಇರಲಿ.

4. ವಾಕ್ಸೆಲ್ ಲೆಕ್ಕ ಹಾಕಿ

ವಾಕ್ಸೆಲ್ ಎಂದರೆ ಚಿತ್ರವನ್ನು ಕಟ್ಟಿರುವ ಅತಿ ಚಿಕ್ಕ ಘನ. ಫೋಟೋದಲ್ಲಿ ಪಿಕ್ಸೆಲ್ ಇದ್ದಂತೆ ಇಲ್ಲಿ ಮೂರು ಆಯಾಮದ ತುಣುಕು. ಮನುಷ್ಯನ ಮಿದುಳಿನ ಗಾತ್ರ ಸುಮಾರು 1,350 ಘನ ಸೆಂಟಿಮೀಟರ್, ಚಿಂಪಾಂಜಿಯದು 380ರ ಆಸುಪಾಸು, ರೀಸಸ್ ಮಕಾಕ್‌ನದು 90ರಷ್ಟು. ಮಾರ್ಮೊಸೆಟ್‌ನದು ಕೇವಲ 8, ಒಂದು ಸುಲಿದ ಅಡಿಕೆಯಷ್ಟು.

ಒಂದು ಮಿಲಿಮೀಟರ್ ವಾಕ್ಸೆಲ್ ಇರುವ ಚಿತ್ರದಲ್ಲಿ ಮನುಷ್ಯನ ಮಿದುಳಿಗೆ 13.5 ಲಕ್ಷ ವಾಕ್ಸೆಲ್‌ಗಳು ಸಿಗುತ್ತವೆ. ಅದೇ ಚಿತ್ರದಲ್ಲಿ ಮಾರ್ಮೊಸೆಟ್‌ಗೆ ಸಿಗುವುದು 8,000 ಮಾತ್ರ. ಅಷ್ಟರಲ್ಲಿ ಏನೂ ಗುರುತು ಸಿಗುವುದಿಲ್ಲ. ವಾಕ್ಸೆಲ್ 0.2 ಮಿಲಿಮೀಟರ್‌ಗೆ ಇಳಿದರೆ ಮಾರ್ಮೊಸೆಟ್‌ಗೂ ಹತ್ತು ಲಕ್ಷ ಸಿಗುತ್ತವೆ, ಆಗ ಹೋಲಿಕೆ ನ್ಯಾಯವಾಗುತ್ತದೆ. ಮಕಾಕ್‌ಗೆ 0.5 ಮಿಲಿಮೀಟರ್ ಅಥವಾ ಅದಕ್ಕಿಂತ ಸೂಕ್ಷ್ಮವಾದುದನ್ನು ಹುಡುಕಿ. ಎಲ್ಲ ಜಾತಿಗಳಿಗೂ ಒಂದೇ ವಾಕ್ಸೆಲ್ ಗಾತ್ರ ಇದ್ದರೆ ಸಮಾನ ಎಂದು ಭಾವಿಸುವುದು ತೀರಾ ಸಾಮಾನ್ಯವಾದ ತಪ್ಪು. ಮಿದುಳಿನ ಅಳತೆಗೆ ತಕ್ಕಂತೆ ವಾಕ್ಸೆಲ್ ಕೂಡ ಚಿಕ್ಕದಾಗಬೇಕು.

5. ತಲೆ ಯಾವ ಕಡೆಗಿದೆ ಎಂದು ನೋಡಿ

ಮನುಷ್ಯರು ಯಂತ್ರದೊಳಗೆ ಅಂಗಾತ ಮಲಗುತ್ತಾರೆ. ಅರಿವಳಿಕೆ ಕೊಟ್ಟ ಮಕಾಕ್‌ನನ್ನು ಅನೇಕ ಕಡೆ ಸ್ಫಿಂಕ್ಸ್ ಭಂಗಿಯಲ್ಲಿ, ಅಂದರೆ ಹೊಟ್ಟೆ ಅಡಿಯಾಗಿ ಮುಖ ಮುಂದಕ್ಕೆ ಚಾಚಿದಂತೆ ಮಲಗಿಸುತ್ತಾರೆ. ಯಂತ್ರಕ್ಕೆ ಇದು ಗೊತ್ತಿರುವುದಿಲ್ಲ. ಅದು ಮನುಷ್ಯನೇ ಅಂಗಾತ ಮಲಗಿದ್ದಾನೆಂದು ತಿಳಿದು ದಿಕ್ಕುಗಳನ್ನು ಬರೆದಿಡುತ್ತದೆ. ಐಟಿಕೆ-ಸ್ನ್ಯಾಪ್‌ನಲ್ಲಿ ತೆರೆದಾಗ ‘ಮೇಲೆ’ ಎಂದು ಗುರುತಾದ ಕಡೆ ಮಂಗನ ಮೂತಿ ಇದ್ದರೆ ಇದೇ ಕಾರಣ.

ಮೂತಿ ತಿರುಗಿದ್ದರೆ ಕಣ್ಣಿಗೆ ಕಾಣುತ್ತದೆ. ಎಡ ಬಲ ಅದಲುಬದಲಾಗಿದ್ದರೆ ಕಾಣುವುದಿಲ್ಲ, ಏಕೆಂದರೆ ಮಿದುಳಿನ ಎರಡು ಕಡೆಗಳೂ ನೋಡಲು ಒಂದೇ ತರಹ. ಅದಕ್ಕೇ ಕೆಲವು ಪ್ರಯೋಗಾಲಯಗಳವರು ತಲೆಯ ಒಂದು ಬದಿಗೆ ವಿಟಮಿನ್ ಇ ಗುಳಿಗೆಯೊಂದನ್ನು ಅಂಟಿಸಿರುತ್ತಾರೆ. ಅದರಲ್ಲಿರುವ ಎಣ್ಣೆ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಚಿತ್ರದ ಅಂಚಿನಲ್ಲಿ, ಚರ್ಮದ ಹೊರಗೆ ಅಂತಹ ಬಿಳಿ ಚುಕ್ಕೆ ಇದೆಯೇ ಎಂದು ಹುಡುಕಿ, ಅದು ಯಾವ ಬದಿ ಎಂದು ಜೊತೆಗೆ ಬಂದ ವಿವರಣೆಯಲ್ಲಿ ಓದಿ. ಕಾರ್ಪಸ್ ಕಲೋಸಮ್ ನಡುಗೆರೆಯಲ್ಲಿರುವುದರಿಂದ ನಿಮ್ಮ ಈ ಕೆಲಸಕ್ಕೆ ಎಡಬಲದ ಗೊಂದಲ ಅಷ್ಟು ಹಾನಿ ಮಾಡದು. ಭಾಷೆಗೆ ಸಂಬಂಧಿಸಿದ ಭಾಗಗಳನ್ನು ಹೋಲಿಸುವವರಿಗೆ ಮಾತ್ರ ಈ ಒಂದು ತಪ್ಪಿನಿಂದ ಇಡೀ ಪ್ರಬಂಧ ಬಿದ್ದುಹೋಗಬಹುದು.

6. ಚಿತ್ರವನ್ನು ಹದಗೊಳಿಸಿ

ಚಿತ್ರದ ಒಂದು ಕಡೆ ಬೆಳಕು ಹೆಚ್ಚು, ಇನ್ನೊಂದು ಕಡೆ ಮಂಕು ಎಂಬಂತಿದ್ದರೆ ತ್ರೀಡಿ ಸ್ಲೈಸರ್‌ನಲ್ಲಿರುವ ಎನ್4 ಎಂಬ ಸಾಧನದಿಂದ ಸಮಗೊಳಿಸಿ. ಆಮೇಲೆ ತಲೆಬುರುಡೆ ಕಳಚುವ ಕೆಲಸ, ಅಂದರೆ ಚಿತ್ರದಿಂದ ಚರ್ಮ, ಎಲುಬು, ಕಣ್ಣು, ಸ್ನಾಯುಗಳನ್ನು ತೆಗೆದು ಮಿದುಳನ್ನಷ್ಟೇ ಉಳಿಸುವುದು. ಒಟ್ಟು ಮಿದುಳಿನ ಗಾತ್ರ ಬೇಕಾಗಿರುವುದರಿಂದ ಇದನ್ನು ತಪ್ಪಿಸುವಂತಿಲ್ಲ.

ಎಫ್‌ಎಸ್‌ಎಲ್‌ನ ಬೆಟ್ ಮುಂತಾದ ಸಾಧನಗಳು ಮನುಷ್ಯನ ತಲೆಗೆಂದೇ ರೂಪುಗೊಂಡವು. ಮಕಾಕ್‌ಗೆ ದವಡೆಯ ಸ್ನಾಯುಗಳು ದಪ್ಪ, ತಲೆಯ ಅಳತೆಗೆ ಹೋಲಿಸಿದರೆ ಕಣ್ಣುಗಳು ದೊಡ್ಡವು. ಹಾಗಾಗಿ ಸಾಧನ ಸ್ನಾಯುವನ್ನು ಮಿದುಳೆಂದು ಉಳಿಸಿಕೊಳ್ಳುತ್ತದೆ, ಇಲ್ಲವೇ ಹಣೆಯ ಹಿಂದಿನ ತುದಿಯನ್ನು ಕತ್ತರಿಸಿ ಹಾಕುತ್ತದೆ. ಮಂಗಗಳ ಚಿತ್ರಗಳಿಂದಲೇ ತರಬೇತಿ ಪಡೆದ ಹೊಸ ಸಾಧನಗಳೂ ಇವೆ, ಸಿಕ್ಕಿದರೆ ಅವನ್ನೇ ಬಳಸಿ. ಯಾವುದನ್ನು ಬಳಸಿದರೂ ಪದರ ಪದರವಾಗಿ ಕಣ್ಣಾಡಿಸಿ ಕೈಯಿಂದ ತಿದ್ದದೆ ಮುಂದೆ ಹೋಗಬೇಡಿ. ಬೆನ್ನುಹುರಿಯನ್ನು ಎಲ್ಲಿ ಕತ್ತರಿಸುತ್ತೀರಿ ಎಂಬುದಕ್ಕೂ ಎಲ್ಲ ಜಾತಿಗಳಿಗೆ ಒಂದೇ ನಿಯಮವಿರಲಿ.

7. ಅಳೆಯಿರಿ

ಇದು ತಾಳ್ಮೆಯ ಕೆಲಸ. ಎರಡು ಅರ್ಧಗೋಳಗಳ ನಡುವಿನ ಸೀಳು ಚಿತ್ರದಲ್ಲಿ ನೇರ ನಿಲ್ಲುವಂತೆ ಮೊದಲು ತಲೆಯ ಓರೆಯನ್ನು ಸರಿಪಡಿಸಿ, ನಟ್ಟನಡುವಿನ ಪದರಕ್ಕೆ ಬನ್ನಿ. ಟಿ1 ಎಂದು ಕರೆಯುವ ಸಾಮಾನ್ಯ ಬಗೆಯ ಚಿತ್ರದಲ್ಲಿ ಬಿಳಿ ಭಾಗ ಬೆಳ್ಳಗೂ ಮಿದುಳಿನ ಸುತ್ತಲಿನ ದ್ರವ ಕಪ್ಪಾಗಿಯೂ ಕಾಣುತ್ತದೆ. ಹಾಗಾಗಿ ಕಮಾನಿನ ಮೇಲಂಚು ಸಲೀಸಾಗಿ ಸಿಗುತ್ತದೆ. ತೊಂದರೆ ಕೆಳ ಅಂಚಿನಲ್ಲಿ. ಕಮಾನಿನ ಹಿಂಭಾಗದ ಅಡಿಯಲ್ಲಿ ಫಾರ್ನಿಕ್ಸ್ ಎಂಬ ಇನ್ನೊಂದು ತಂತುಕಟ್ಟು ಬಂದು ತಾಗುತ್ತದೆ. ಅದೂ ಬೆಳ್ಳಗೇ ಇರುತ್ತದೆ, ನಡುವೆ ಗೆರೆ ಕಾಣುವುದಿಲ್ಲ. ಅಲ್ಲಿ ಕಮಾನಿನ ಕೆಳ ಅಂಚು ಎರಡೂ ಕಡೆಗಳಿಂದ ಹೇಗೆ ಬಾಗಿ ಬರುತ್ತಿದೆ ಎಂದು ನೋಡಿ, ಆ ಬಾಗನ್ನೇ ಮುಂದುವರಿಸಿ ಗೆರೆ ಎಳೆಯಿರಿ. ಮುಂತುದಿ ಕೊಕ್ಕಿನಂತೆ ತೆಳುವಾಗಿ ಹಿಂದಕ್ಕೆ ಮಡಚಿಕೊಂಡಿರುತ್ತದೆ. ಅದು ಎಲ್ಲಿ ಮುಗಿಯುತ್ತದೆ ಎಂದು ನೀವು ತೀರ್ಮಾನಿಸಿದಿರೋ ಅದನ್ನು ಬರೆದಿಡಿ, ನಾಲ್ಕೂ ಜಾತಿಗಳಿಗೆ ಅದೇ ತೀರ್ಮಾನ ಅನ್ವಯಿಸಿ.

ಕುಂಚದ ಗಾತ್ರ ಒಂದಕ್ಕೆ ಇಳಿಸಿ ಬಣ್ಣ ತುಂಬಿ. ತುಂಬಿದ ಚೌಕಗಳ ಸಂಖ್ಯೆಯನ್ನು ಒಂದು ಚೌಕದ ವಿಸ್ತೀರ್ಣದಿಂದ ಗುಣಿಸಿದರೆ ಬೇಕಾದ ಅಳತೆ ಬಂತು. ವಯಸ್ಕ ಮನುಷ್ಯನಲ್ಲಿ ಅದು ಸುಮಾರು ಆರೇಳು ಚದರ ಸೆಂಟಿಮೀಟರ್ ಬರುತ್ತದೆ. ನಿಮ್ಮ ಉತ್ತರ ಮೂರೋ ಹದಿನೈದೋ ಆಗಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಒಂದು ವಾರ ಬಿಟ್ಟು, ಮೊದಲಿನ ಗುರುತುಗಳನ್ನು ನೋಡದೆ, ಅದೇ ಚಿತ್ರಗಳನ್ನು ಮತ್ತೊಮ್ಮೆ ಅಳೆಯಿರಿ. ಸ್ನೇಹಿತರೊಬ್ಬರಿಂದಲೂ ಅಳೆಸಿ. ನಿಮ್ಮದೇ ಎರಡು ಅಳತೆಗಳ ನಡುವಿನ ವ್ಯತ್ಯಾಸ ಜಾತಿಗಳ ನಡುವಿನ ವ್ಯತ್ಯಾಸದಷ್ಟೇ ಇದ್ದರೆ ಫಲಿತಾಂಶ ನಂಬುವಂತಿಲ್ಲ. ಈ ಪುನರಾವರ್ತನೆ ಮಾಡದ ಪ್ರಾಜೆಕ್ಟ್ ವರದಿಯನ್ನು ನಾನು ಪೂರ್ಣವೆಂದು ಒಪ್ಪುವುದಿಲ್ಲ.

8. ಹೋಲಿಸಿ, ಆದರೆ ಬರೇ ಭಾಗಾಕಾರ ಮಾಡಿ ಅಲ್ಲ

ಹೆಚ್ಚಿನವರು ಎಡವುವುದು ಇಲ್ಲಿ. ಕಾರ್ಪಸ್ ಕಲೋಸಮ್‌ನ ವಿಸ್ತೀರ್ಣವನ್ನು ಮಿದುಳಿನ ಗಾತ್ರದಿಂದ ಭಾಗಿಸಿ, ಮನುಷ್ಯನಿಗೆ ಮಂಗನಿಗಿಂತ ಕಡಿಮೆ ಬಂತು, ಆದ್ದರಿಂದ ಮನುಷ್ಯನ ಅರ್ಧಗೋಳಗಳ ನಡುವೆ ಸಂಪರ್ಕ ಕಡಿಮೆ ಎಂದು ಬರೆದುಬಿಡುತ್ತಾರೆ.

ಲೆಕ್ಕ ಮಾಡಿ ನೋಡೋಣ. ಮಕಾಕ್‌ನ ಮಿದುಳನ್ನು ಆಕಾರ ಒಂದಿಷ್ಟೂ ಬದಲಾಗದಂತೆ ಮನುಷ್ಯನ ಮಿದುಳಿನಷ್ಟು ಹಿಗ್ಗಿಸಿದೆವು ಎಂದುಕೊಳ್ಳಿ. ಗಾತ್ರ 90ರಿಂದ 1,350ಕ್ಕೆ, ಅಂದರೆ 15 ಪಟ್ಟು ಏರಿತು. ವಿಸ್ತೀರ್ಣ ಏರುವುದು 15 ಪಟ್ಟಲ್ಲ, ಸುಮಾರು 6 ಪಟ್ಟು ಮಾತ್ರ, ಏಕೆಂದರೆ ಗಾತ್ರ ಉದ್ದದ ಘನದಂತೆಯೂ ವಿಸ್ತೀರ್ಣ ಉದ್ದದ ವರ್ಗದಂತೆಯೂ ಬೆಳೆಯುತ್ತದೆ. ಹಾಗಾಗಿ ಯಾವ ನಿಜವಾದ ಬದಲಾವಣೆಯೂ ಇಲ್ಲದೆ ಆ ಅನುಪಾತ ಮೊದಲಿನ ಶೇಕಡಾ 40ಕ್ಕೆ ಇಳಿಯುತ್ತದೆ. ಕಡಿಮೆ ಬಂದುದು ರೇಖಾಗಣಿತದಿಂದ.

ಸರಿಯಾದ ದಾರಿ ಹೀಗಿದೆ. ಎರಡೂ ಅಳತೆಗಳ ಲಾಗರಿತಮ್ ತೆಗೆದು ನಕ್ಷೆಯಲ್ಲಿ ಗುರುತಿಸಿ, ಬಿಂದುಗಳ ನಡುವೆ ರೇಖೆ ಹಾಯಿಸಿ. ಆಕಾರ ಬದಲಾಗದಿದ್ದರೆ ರೇಖೆಯ ಇಳಿಜಾರು ಮೂರನೇ ಎರಡರಷ್ಟು, ಅಂದರೆ 0.67ರ ಹತ್ತಿರ ಬರಬೇಕು. ನಿಮ್ಮ ರೇಖೆ ಅದಕ್ಕಿಂತ ಕಡಿದಾಗಿದೆಯೇ, ಚಪ್ಪಟೆಯಾಗಿದೆಯೇ, ಯಾವ ಜಾತಿ ರೇಖೆಯಿಂದ ದೂರ ನಿಂತಿದೆ ಎಂಬುದೇ ಕೇಳಬೇಕಾದ ಪ್ರಶ್ನೆ. ಗಾತ್ರದೊಂದಿಗೆ ಅಂಗಗಳ ಪ್ರಮಾಣ ಹೇಗೆ ಬದಲಾಗುತ್ತದೆ ಎಂದು ನೋಡುವ ಈ ಕ್ರಮಕ್ಕೆ ಅಲೋಮೆಟ್ರಿ ಎಂದು ಹೆಸರು. ಜೇಮ್ಸ್ ರಿಲ್ಲಿಂಗ್ ಮತ್ತು ಥಾಮಸ್ ಇನ್ಸೆಲ್ 1999ರಲ್ಲಿ 11 ಪ್ರೈಮೇಟ್ ಜಾತಿಗಳ ಎಂಆರ್‌ಐ ಚಿತ್ರಗಳಿಂದ ಇಂತಹ ಹೋಲಿಕೆ ಮಾಡಿದರು. ನೀವು ಆರಂಭಿಸುವ ಮೊದಲು ಅವರ ಪ್ರಬಂಧಗಳನ್ನು ಓದಿಕೊಳ್ಳಿ.

ಇನ್ನೊಂದು ತಿದ್ದುಪಡಿಯೂ ಬೇಕು. ಹತ್ತಿರದ ನೆಂಟರು ಒಬ್ಬರನ್ನೊಬ್ಬರು ಹೋಲುವುದು ಸಹಜ, ಆದ್ದರಿಂದ ಮೂರು ಮಕಾಕ್ ಜಾತಿಗಳು ಮೂರು ಸ್ವತಂತ್ರ ಸಾಕ್ಷಿಗಳಾಗುವುದಿಲ್ಲ. ಇದನ್ನು ಲೆಕ್ಕಕ್ಕೆ ತರುವ ಉಪಾಯವನ್ನು 1985ರಲ್ಲಿ ಜೋಸೆಫ್ ಫೆಲ್ಸೆನ್‌ಸ್ಟೈನ್ ಕೊಟ್ಟರು. ಆರ್‌ನ ‘ಏಪ್’ ಮತ್ತು ‘ಕೇಪರ್’ ಪ್ಯಾಕೇಜುಗಳು ವಂಶವೃಕ್ಷವನ್ನು ಸೇರಿಸಿಕೊಂಡೇ ರೇಖೆ ಹಾಯಿಸುತ್ತವೆ. ನಾಲ್ಕೇ ಜಾತಿಗಳಿದ್ದರೆ ಈ ಲೆಕ್ಕಕ್ಕೆ ಬಲವಿರುವುದಿಲ್ಲ. ಆಗ ನಕ್ಷೆ ತೋರಿಸಿ, ಕಂಡದ್ದನ್ನು ವಿವರಿಸಿ, ಸಾಬೀತಾಯಿತು ಎಂಬ ಮಾತು ಬರೆಯಬೇಡಿ.

ಈಗ ಮುಂಭಾಗದ ತೊಗಟೆಯ ಕಥೆ. ‘ಮನುಷ್ಯನಿಗೆ ಹಣೆಯ ಹಿಂದಿನ ಮಿದುಳು ವಿಶೇಷವಾಗಿ ದೊಡ್ಡದು’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. 2002ರಲ್ಲಿ ಕ್ಯಾಟರಿನಾ ಸೆಮೆಂಡೆಫೆರಿ ಮತ್ತು ಸಂಗಡಿಗರು ಎಂಆರ್‌ಐಯಿಂದ ಅಳೆದು, ಇಡೀ ಮುಂಭಾಗದ ತೊಗಟೆಯ ಪಾಲು ಮನುಷ್ಯನಲ್ಲೂ ದೊಡ್ಡ ವಾನರಗಳಲ್ಲೂ ಹೆಚ್ಚುಕಡಿಮೆ ಒಂದೇ ಎಂದು ತೋರಿಸಿದರು. 2018ರಲ್ಲಿ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ, ಚಲನೆಯನ್ನು ನಡೆಸುವ ಭಾಗಗಳನ್ನು ಬಿಟ್ಟು ಅವುಗಳ ಮುಂದಿರುವ ಭಾಗವನ್ನಷ್ಟೇ ಅಳೆದು, ಮನುಷ್ಯನಲ್ಲಿ ಅದರ ಪಾಲು ಚಿಂಪಾಂಜಿ ಮತ್ತು ಮಕಾಕ್‌ಗಿಂತ ಹೆಚ್ಚು ಎಂದಿತು. ಪತ್ರಿಕೆಯ ಸುದ್ದಿಯಲ್ಲಿ ಇವೆರಡೂ ಪರಸ್ಪರ ವಿರುದ್ಧ. ಗಡಿ ಎಲ್ಲಿ ಎಳೆದರು ಎಂದು ನೋಡಿದರೆ ಎರಡು ತಂಡಗಳೂ ಅಳೆದದ್ದು ಬೇರೆ ಬೇರೆ ಭಾಗಗಳನ್ನು. ನೀವು ಯಾವ ಭಾಗವನ್ನು ಅಳೆದರೂ ಅದರ ಗಡಿಯನ್ನು ವರದಿಯ ಮೊದಲ ಪುಟದಲ್ಲೇ ಚಿತ್ರ ಸಮೇತ ತೋರಿಸಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಮಾಡಬಾರದ ಇನ್ನೂ ಕೆಲವು

ಮಕಾಕ್‌ನ ಮಿದುಳನ್ನು ಕಂಪ್ಯೂಟರಿನಲ್ಲಿ ಎಳೆದು ಬಗ್ಗಿಸಿ ಮನುಷ್ಯನ ಎಂಎನ್‌ಐ152 ಎಂಬ ಮಾದರಿ ಮಿದುಳಿನ ಮೇಲೆ ಕೂರಿಸಬೇಡಿ. ತಂತ್ರಾಂಶ ದೂರಿಲ್ಲದೆ ಕೂರಿಸಿಕೊಡುತ್ತದೆ, ಆದರೆ ಒಂದರ ಮೇಲೊಂದು ಬಿದ್ದ ಮಾತ್ರಕ್ಕೆ ಎರಡು ಭಾಗಗಳು ಒಂದೇ ಆಗುವುದಿಲ್ಲ. ಮಂಗ ಮತ್ತು ಚಿಂಪಾಂಜಿಗಳ ಮಿದುಳಿನ ಹಿಂಭಾಗದಲ್ಲಿ ಎದ್ದು ಕಾಣುವ ಲೂನೇಟ್ ಎಂಬ ಸೀಳು ಮನುಷ್ಯನಲ್ಲಿ ಸಾಮಾನ್ಯವಾಗಿ ಸಿಗುವುದೇ ಇಲ್ಲ. ಮಾರ್ಮೊಸೆಟ್‌ನ ತೊಗಟೆಯಂತೂ ಹೆಚ್ಚು ಭಾಗ ನುಣುಪಾಗಿದೆ. ಜಾತಿಗೊಂದು ಮಾದರಿ ಇದೆ, ಮಕಾಕ್‌ಗೆ ಎನ್‌ಎಂಟಿ, ಚಿಂಪಾಂಜಿಗೆ ಜೂನಾ ಚಿಂಪ್. ಆಯಾ ಜಾತಿಯನ್ನು ಅದರ ಮಾದರಿಗೇ ಹೊಂದಿಸಿ.

ಎಂಆರ್‌ಐಯಿಂದ ನರಕೋಶಗಳ ಎಣಿಕೆ ಆಗುವುದಿಲ್ಲ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ ಎಂಬ ಲೆಕ್ಕ ಬಂದಿರುವುದು ಅಂಗಾಂಶವನ್ನು ಕರಗಿಸಿ ಕೋಶಕೇಂದ್ರಗಳನ್ನು ಎಣಿಸುವ ಬೇರೆಯೇ ವಿಧಾನದಿಂದ.

ತಂತುಗಳ ಜಾಡು ಹಿಡಿಯುವ ಡಿಫ್ಯೂಷನ್ ಎಂಆರ್‌ಐಯನ್ನು ಮೊದಲ ಪ್ರಾಜೆಕ್ಟಿಗೆ ಮುಟ್ಟಬೇಡಿ. ನೀರಿನ ಅಣುಗಳ ಚಲನೆಯಿಂದ ತಂತುಗಳ ದಿಕ್ಕನ್ನು ಊಹಿಸುವ ವಿಧಾನ ಅದು. 2008ರಲ್ಲಿ ರಿಲ್ಲಿಂಗ್ ತಂಡ ಅದರಿಂದಲೇ, ಭಾಷೆಗೆ ಮುಖ್ಯವಾದ ಆರ್ಕ್ಯುಯೇಟ್ ಎಂಬ ತಂತುಕಟ್ಟು ಮನುಷ್ಯನಲ್ಲಿ ಕಿವಿಯ ಪಕ್ಕದ ಮಿದುಳಿನ ಭಾಗಕ್ಕೆ ಎಷ್ಟು ವಿಸ್ತಾರವಾಗಿ ಚಾಚಿಕೊಂಡಿದೆ ಎಂದು ತೋರಿಸಿತು. ಆದರೆ ಇಲ್ಲದ ದಾರಿಗಳನ್ನೂ ಇದೆ ಎಂದು ಎಳೆದು ತೋರಿಸುವ ದೋಷ ಆ ವಿಧಾನಕ್ಕಿದೆ. ಯಾವುದು ನಿಜ, ಯಾವುದು ಅಲ್ಲ ಎಂದು ಬೇರ್ಪಡಿಸಲು ಅಂಗರಚನೆಯ ಗಟ್ಟಿ ಓದು ಬೇಕು.

9. ಬರೆದಿಡಿ, ಮುಂದುವರಿಯಿರಿ

ಮೂಲ ಚಿತ್ರವನ್ನು ತಿದ್ದದೆ ಹಾಗೆಯೇ ಇಟ್ಟು, ಬಣ್ಣ ತುಂಬಿದ ಗುರುತುಗಳನ್ನು ಬೇರೆ ಕಡತದಲ್ಲಿ ಉಳಿಸಿ. ಚಿತ್ರ ಕೊಟ್ಟ ಭಂಡಾರದ ಹೆಸರು, ತಂತ್ರಾಂಶದ ಆವೃತ್ತಿ, ಕೈಬಿಟ್ಟ ಚಿತ್ರಗಳು ಮತ್ತು ಕೈಬಿಟ್ಟ ಕಾರಣ, ಇಷ್ಟೂ ವರದಿಯಲ್ಲಿರಲಿ. ಹೈಸ್ಕೂಲು ಮಕ್ಕಳಿಗಾದರೆ ನಾಲ್ಕು ಮಿದುಳುಗಳ ನಡುಪದರಗಳನ್ನು ಒಂದೇ ಅಳತೆಪಟ್ಟಿಯಲ್ಲಿ ಮುದ್ರಿಸಿ, ಪಕ್ಕದಲ್ಲಿ ಎಂಟನೆಯ ಹಂತದ ಹಿಗ್ಗಿಸುವ ಲೆಕ್ಕವನ್ನು ಇಟ್ಟರೆ ಸಾಕು.

ಕಾರ್ಪಸ್ ಕಲೋಸಮ್ ಕೈಗೆ ಹತ್ತಿದವರು ಎರಡನೆಯ ಕೆಲಸವಾಗಿ ಅನುಮಸ್ತಿಷ್ಕವನ್ನು ತೆಗೆದುಕೊಳ್ಳಬಹುದು. ಹಿಂಭಾಗದಲ್ಲಿ ಮಹಾಮಸ್ತಿಷ್ಕದ ಅಡಿಯಲ್ಲಿರುವ ಈ ಭಾಗದ ಗಡಿಗಳೂ ಸಾಕಷ್ಟು ಸ್ಪಷ್ಟ. ವಾನರಗಳಲ್ಲಿ ಅದು, ಮಂಗಗಳ ಲೆಕ್ಕದಿಂದ ನಿರೀಕ್ಷಿಸುವುದಕ್ಕಿಂತ ದೊಡ್ಡದಾಗಿದೆ ಎಂದು ರಿಲ್ಲಿಂಗ್ ಮತ್ತು ಇನ್ಸೆಲ್ 1998ರಲ್ಲಿ ವರದಿ ಮಾಡಿದ್ದಾರೆ. ಅಲ್ಲಿ ಗಾತ್ರವನ್ನು ಗಾತ್ರದೊಂದಿಗೇ ಹೋಲಿಸುವುದರಿಂದ ನೀವು ನಿರೀಕ್ಷಿಸಬೇಕಾದ ಇಳಿಜಾರು 0.67 ಅಲ್ಲ, 1.